ನಲವತ್ತು ಸೆಕೆಂಡಿನ ವಿಡಿಯೊ

ಕಲಬುರಗಿಯ ಒಂದು ವ್ಯಸನಮುಕ್ತಿ ವಿಭಾಗದಲ್ಲಿ ನಾನು ನರ್ಸ್. ನೋವಿನ ಮಾತ್ರೆಯ ಚಟಕ್ಕೆ ಬಿದ್ದವರು ನಮ್ಮಲ್ಲಿಗೆ ಬರುತ್ತಾರೆ. ಹೆಚ್ಚಿನವರು ಮೈಮುರಿದು ದುಡಿಯುವವರೇ. ಅವರಿಗೆ ಕೊಡುವುದು ಚಟದ ಸೆಳೆತ, ಒದ್ದಾಟ ತಗ್ಗಿಸುವ ಬುಪ್ರೆನಾರ್ಫಿನ್ ಮತ್ತು ನಲೋಕ್ಸೋನ್ ಕೂಡಿದ ಮಾತ್ರೆ. ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಳ್ಳದಿರಲಿ ಎಂದೇ ನಲೋಕ್ಸೋನ್ ಸೇರಿಸಿರುತ್ತಾರೆ. ದಿನವೂ ನಮ್ಮೆದುರೇ ತೆಗೆದುಕೊಳ್ಳಿ ಎಂದರೆ ಆಳಂದ, ಅಫಜಲಪುರದಿಂದ ಬರುವವರ ಕೂಲಿ ಬಸ್ಸಿನಲ್ಲೇ ಕಳೆಯುತ್ತದೆ. ಹಾಗಾಗಿ ಚೇತರಿಸಿಕೊಂಡವರಿಗೆ ವಾರದ ಮಾತ್ರೆ ಕೊಟ್ಟು, ದಿನಕ್ಕೊಂದು ವಿಡಿಯೊ ಕಳಿಸಿ ಎಂದೆವು. ಕ್ಷಯರೋಗದ ಚಿಕಿತ್ಸೆಯಲ್ಲಿ ಮೊದಲೇ ಬಳಕೆಗೆ ಬಂದಿದ್ದ ಉಪಾಯ ಇದು.

ಶಹಾಬಾದ್ ಕಲ್ಲು ಸಾಗಿಸುವ ಲಾರಿ ಚಾಲಕರೊಬ್ಬರ ವಿಡಿಯೊ ಒಂದು ದಿನವೂ ತಪ್ಪಿದ್ದಿಲ್ಲ. ನಲವತ್ತು ಸೆಕೆಂಡು: ಮುಖ, ಮಾತ್ರೆ, ನಾಲಿಗೆಯಡಿ ಇಟ್ಟುಕೊಳ್ಳುವುದು, ಒಂದು ನಮಸ್ಕಾರ. ನಾನು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದೆ. ಆದರೆ ನಮ್ಮೆದುರು ತೆಗೆದುಕೊಳ್ಳುವಾಗ ನಿಂತಿದ್ದ ಮೈಕೈ ನೋವು, ಆಕಳಿಕೆ, ಬೆವರು, ಅಂದರೆ ಚಟ ಬಿಟ್ಟಾಗಿನ ಒದ್ದಾಟ, ಮತ್ತೆ ಶುರುವಾದವು. ಮಾತ್ರೆ ಉಗುಳಿ ಮಾರಿಕೊಳ್ಳುತ್ತಿದ್ದಾರೇನೋ ಎಂದು ನಮ್ಮೊಳಗೇ ಗುಸುಗುಸು. ನನಗೂ ಹಾಗೆಯೇ ಅನ್ನಿಸಿತ್ತು.

ಕೂರಿಸಿ ಕೇಳಿದೆ. "ಬಹಳ ಕಹಿ ಸಿಸ್ಟರ್. ವಿಡಿಯೊ ಮುಗಿದ ಕೂಡಲೇ ಚಹಾ ಕುಡಿದು ಇಳಿಸಿಬಿಡುತ್ತೇನೆ," ಎಂದರು.

ಆ ಮಾತ್ರೆ ಕರಗಲು 5ರಿಂದ 10 ನಿಮಿಷ ಬೇಕು. ನಾಲಿಗೆಯಡಿಯಿಂದ ರಕ್ತಕ್ಕೆ ಸೇರಿದರೇ ಅದರ ಕೆಲಸ. ನುಂಗಿದರೆ ಯಕೃತ್ತಿನಲ್ಲೇ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಇದನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೂ ಫೋನಿನಲ್ಲಿ ಹುಡುಕಿದ್ದು ಕಳ್ಳತನವನ್ನು, ಬಾಯಿಯನ್ನಲ್ಲ.

ಈಗ ಎರಡು ತುಣುಕು ಕೇಳುತ್ತೇವೆ. ಒಂದು ಗುಟುಕು ನೀರಿನಿಂದ ಬಾಯಿ ಒದ್ದೆ ಮಾಡಿಕೊಂಡು ಮಾತ್ರೆ ಇಡುವುದು ಮೊದಲನೆಯದು. ಪೂರ್ತಿ ಕರಗಿದ ಮೇಲೆ ನಾಲಿಗೆ ಎತ್ತಿ ತೋರಿಸುವುದು ಎರಡನೆಯದು. ನಡುವೆ ಮಾತು, ಚಹಾ, ಗುಟ್ಕಾ ಯಾವುದೂ ಇಲ್ಲ. ಕೊನೆಗೆ ನೀರು ಮುಕ್ಕಳಿಸಿ ನುಂಗಬೇಕು. ಹಲ್ಲುಜ್ಜಲು ಒಂದು ತಾಸು ಕಾಯಬೇಕು, ಇಲ್ಲದಿದ್ದರೆ ಹಲ್ಲಿಗೆ ಪೆಟ್ಟು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಳಿಸಿದ ವಿಡಿಯೊವನ್ನು ಅಳಿಸಿಬಿಡಿ ಎಂದು ನಾವು ಯಾರಿಗೂ ಹೇಳಿರಲಿಲ್ಲ. ಒಬ್ಬ ಹುಡುಗನ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನು. ಗ್ಯಾಲರಿ ತೆರೆದ ಅಣ್ಣನಿಗೆ ಎಲ್ಲವೂ ಗೊತ್ತಾಯಿತು. ಎರಡು ವಾರ ಹುಡುಗ ನಮ್ಮ ಕಡೆ ಸುಳಿಯಲಿಲ್ಲ. ಈಗ ಫೋನು ಯಾರದು, ಬೇರೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿಯೇ ಮಾತ್ರೆ ಕೊಡುತ್ತೇವೆ.

ಚಾಲಕರ ಹೊಸ ವಿಡಿಯೊ ಬಂದದ್ದು ಹುಮನಾಬಾದ್ ಬಳಿಯ ಢಾಬಾದಿಂದ. ಎರಡನೆಯ ತುಣುಕಿನಲ್ಲಿ ನಾಲಿಗೆಯಡಿ ಏನೂ ಉಳಿದಿರಲಿಲ್ಲ. ಹಿಂದೆ ಮೇಜಿನ ಮೇಲೆ ಚಹಾದ ಗ್ಲಾಸು, ಅದರ ಮೇಲೆ ಬಸಿ ಮುಚ್ಚಿತ್ತು.