ಮೂರಕ್ಕೆ ಹೆಸರಿದೆ, ಒಂದಕ್ಕಿಲ್ಲ

14 ಸೆಪ್ಟೆಂಬರ್ 2024, ಶನಿವಾರ

ಬೆಳಿಗ್ಗೆ ಆರೂವರೆಗೇ ಶೆಡ್ಡಿನ ಬಾಗಿಲು ತೆಗೆದೆ. ಗಾಡಿಯ ಜೊತೆ ಬಂದಿದ್ದ ನಾಲ್ಕು ಅಲಾಯ್ ವೀಲ್‌ಗಳು ಎರಡು ತಿಂಗಳಿಂದ ಮೂಲೆಯಲ್ಲಿ ಹಳೇ ಬಟ್ಟೆ ಹೊದ್ದು ಕೂತಿದ್ದವು. ಅವು ಯಾವ ಚಕ್ರಗಳು ಅಂತ ಗೊತ್ತುಮಾಡಿಕೊಳ್ಳದೆ ಇವತ್ತು ಒಳಗೆ ಹೋಗುವುದಿಲ್ಲ ಅಂತ ರಾತ್ರಿಯೇ ಅಂದುಕೊಂಡಿದ್ದೆ.

ಗಾಡಿ ಫಿಯೆಟ್ 124 ಸ್ಪೋರ್ಟ್ ಸ್ಪೈಡರ್. 1966ರಲ್ಲಿ ಟ್ಯೂರಿನ್ ಮೋಟಾರ್ ಶೋದಲ್ಲಿ ಮೊದಲು ಕಾಣಿಸಿಕೊಂಡದ್ದು. ಪಿನಿನ್‌ಫರೀನಾ ವಿನ್ಯಾಸ. 1985ರವರೆಗೂ ತಯಾರಾಗುತ್ತಲೇ ಇತ್ತು. ನನ್ನದು 1978ರದು, ಸದ್ಯಕ್ಕೆ ಸ್ಟೀಲ್ ಚಕ್ರಗಳ ಮೇಲೆ ನಿಂತಿದೆ. 'ಈ ಅಲಾಯ್‌ಗಳು ಇದೇ ಗಾಡಿವು, ಒರಿಜಿನಲ್ ಕ್ರೊಮೊಡೋರಾ' ಅಂತ ಮಾರಿದವರು ಹೇಳಿದ್ದರು. ಕ್ರೊಮೊಡೋರಾ ಅಂದರೆ ಚಕ್ರ ಮಾಡುತ್ತಿದ್ದ ಇಟಲಿಯ ಕಂಪನಿ. ಅವರು ಬೇಕಂತ ಸುಳ್ಳು ಹೇಳಿದರು ಅಂತ ನನಗೆ ಈಗಲೂ ಅನಿಸುವುದಿಲ್ಲ. ಅವರಿಗೆ ಹಿಂದಿನವರು ಹಾಗೇ ಹೇಳಿರಬೇಕು. ಹಳೇ ಚಕ್ರಗಳ ಹೆಸರು ಬಾಯಿಂದ ಬಾಯಿಗೇ ಬರುವುದು ಜಾಸ್ತಿ.

ಎದುರಿನಿಂದ ನೋಡಿ ಹೆಸರು ಹೇಳುವುದು ನಮ್ಮಲ್ಲಿ ಎಲ್ಲರಿಗೂ ಇಷ್ಟ. ಎಂಟು ದಪ್ಪ ಸ್ಪೋಕ್ ಕಂಡರೆ ಮಿನಿಲೈಟ್. ಐದು ಎಸಳು ಕಂಡರೆ ಪೋರ್ಶೆ 911ರ ಫುಕ್ಸ್. ಸಣ್ಣ ಕಡ್ಡಿಗಳ ಬಲೆ ಕಂಡರೆ ಬಿಬಿಎಸ್. ಆದರೆ ಚೆಂದ ಕಂಡ ಚಕ್ರವನ್ನು ಯಾರೂ ನಕಲು ಮಾಡದೆ ಬಿಟ್ಟಿಲ್ಲ. ಮಿನಿಲೈಟ್ 1960ರ ದಶಕದ ಶುರುವಿನಲ್ಲಿ ಮೆಗ್ನೀಸಿಯಂ ಚಕ್ರವಾಗಿ ಬಂತು. ಅದೇ ಮುಖದ ಅಲ್ಯೂಮಿನಿಯಂ ಚಕ್ರಗಳನ್ನು ಇವತ್ತಿಗೂ ಎಷ್ಟೋ ಕಂಪನಿಗಳು ಎರಕ ಹೊಯ್ಯುತ್ತಿವೆ. ಹಾಗಾಗಿ ಮುಖ ನೋಡಿದರೆ ಸಾಲದು. ಚಕ್ರವನ್ನು ಬೋರಲು ಹಾಕಿ ಬೆನ್ನು ನೋಡಬೇಕು.

ನಾಲ್ಕನ್ನೂ ದಪ್ಪ ರಟ್ಟಿನ ಮೇಲೆ ಬೋರಲು ಮಲಗಿಸಿದೆ. ಬ್ರೇಕ್ ಪುಡಿ, ಗ್ರೀಸು, ಮಣ್ಣು ಮೂರೂ ಸೇರಿ ಟಾರಿನ ಹಾಗೆ ಗಟ್ಟಿಯಾಗಿತ್ತು. ಇಂಥ ಹೊತ್ತಲ್ಲಿ ವೈರ್ ಬ್ರಷ್ ಹಿಡಿಯುವ ಆಸೆ ಆಗುತ್ತದೆ. ಹಿಡಿಯಬಾರದು. ಎರಕದ ಅಕ್ಷರಗಳು ಎದ್ದಿರುವುದೇ ಒಂದು ಮಿಲಿಮೀಟರಿಗಿಂತ ಕಡಿಮೆ. ಕೆಲವು ವರ್ಷಗಳ ಹಿಂದೆ ಬೇರೆ ಗಾಡಿಯ ಚಕ್ರಗಳನ್ನು ಬಣ್ಣಕ್ಕೆ ಕೊಟ್ಟಿದ್ದೆ. ಅಲ್ಲಿ ಮರಳು ಹೊಡೆದು, ಮೇಲೆ ದಪ್ಪಗೆ ಪೌಡರ್ ಕೋಟ್ ಮಾಡಿ, ಬೆನ್ನಿನ ಮೇಲಿದ್ದ ತಾರೀಖು, ಗುರುತು ಎಲ್ಲ ಮುಚ್ಚಿಹಾಕಿದ್ದರು. ಚಕ್ರ ಫಳಫಳ ಹೊಳೆಯುತ್ತಿತ್ತು, ಆದರೆ ಅದು ಯಾವುದು ಅಂತ ಹೇಳುವ ದಾರಿಯೇ ಉಳಿಯಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಇವತ್ತು ಡಿಗ್ರೀಸರ್ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಟ್ಟೆ. ಆಮೇಲೆ ಮರದ ಕಡ್ಡಿಯಿಂದ ಕೆರೆದು, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿದೆ.

ಮೊದಲು ಕಂಡದ್ದು ಒಂದು ಗೆರೆ, ಅದರ ಪಕ್ಕ ಅರ್ಧ ಸುತ್ತು. ಟಾರ್ಚನ್ನು ನೇರವಾಗಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚಕ್ರಕ್ಕೆ ತಾಗುವಷ್ಟು ಓರೆಯಾಗಿ ಹಿಡಿದಾಗ ಅಕ್ಷರಗಳ ನೆರಳು ಬಿತ್ತು. ಅಷ್ಟರಲ್ಲಿ ಮಗಳು ಎದ್ದು ಬಂದಳು. ಅವಳ ಕೈಗೆ ತೆಳು ಕಾಗದ, ಸೀಸದ ಕಡ್ಡಿ ಕೊಟ್ಟೆ. ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತೀವಲ್ಲ, ಅದೇ ಕೆಲಸ. ಕಡ್ಡಿಯನ್ನು ಮಲಗಿಸಿ, ಒತ್ತದೆ, ಒಂದೇ ದಿಕ್ಕಿಗೆ ಉಜ್ಜಬೇಕು. ಬೂದು ಬಣ್ಣದ ನಡುವೆ ಕ್ರೊಮೊಡೋರಾ ಅಂತ ಒಂದೊಂದೇ ಅಕ್ಷರ ಎದ್ದು ಬಂತು. ಕೆಳಗೆ ಸಿಡಿ ಅಂತ ಇದ್ದು ಪಕ್ಕದಲ್ಲೊಂದು ಸಂಖ್ಯೆ. ಆಮೇಲೆ 5½ಜೆ × 13, ಅಂದರೆ ಅಗಲ ಐದೂವರೆ ಇಂಚು, ಅಡ್ಡಳತೆ 13 ಇಂಚು; ಜೆ ಅನ್ನುವುದು ಅಂಚಿನ ಆಕಾರದ ಗುರುತು. ಆಮೇಲೆ ಮೇಡ್ ಇನ್ ಇಟಲಿ. ಎರಡರ ಮೇಲೆ 77, ಒಂದರ ಮೇಲೆ 78 ಅಂತ ಇಸವಿ. ಗಾಡಿಯ ವಯಸ್ಸಿಗೆ ಸರಿಯಾಗಿ ಕೂತಿತು. ಆ ಖುಷಿ ಹೇಳತೀರದು.

"ಅಪ್ಪಾ, ಇದರಲ್ಲಿ ಹೆಸರೇ ಇಲ್ವಲ್ಲ" ಅಂದಳು ನಾಲ್ಕನೆಯದರ ಹತ್ತಿರ ಕೂತು.

"ಸರಿಯಾಗಿ ಉಜ್ಜು ಕಣೇ, ಇರುತ್ತೆ."

"ಉಜ್ಜಿದೆ ಅಪ್ಪಾ. ಮೂರು ಸಲ ಉಜ್ಜಿದೆ."

ನಾನೂ ಉಜ್ಜಿ ನೋಡಿದೆ. ಅಳತೆ ಇತ್ತು, ಅದೇ 5½ಜೆ × 13. ಪಕ್ಕದಲ್ಲಿ ಎಚ್2 ಅಂತ ಇತ್ತು. ಟೈರಿನ ಅಂಚು ಕೂರುವ ಜಾಗದ ಎರಡೂ ಕಡೆ ಸಣ್ಣ ಉಬ್ಬು ಇದೆ ಅಂತ ಅದರ ಅರ್ಥ. ಸ್ವಲ್ಪ ದೂರದಲ್ಲಿ ವೆಸ್ಟ್ ಜರ್ಮನಿ ಅಂತ ಇತ್ತು. ತಯಾರಿಸಿದವರ ಹೆಸರಿಲ್ಲ. ಕೆಬಿಎ ಸಂಖ್ಯೆಯೂ ಇಲ್ಲ. ಅದು ಜರ್ಮನಿಯ ಸಾರಿಗೆ ಇಲಾಖೆ ಕೊಡುವ ಒಪ್ಪಿಗೆಯ ಐದಂಕಿ ಸಂಖ್ಯೆ. ಅದೊಂದು ಸಿಕ್ಕಿದ್ದರೆ ಯಾವ ಚಕ್ರ, ಯಾವ ಗಾಡಿಗೆ ಅಂತ ಹುಡುಕುವುದು ಸಲೀಸು. ವೆಸ್ಟ್ ಜರ್ಮನಿ ಅನ್ನುವ ಮಾತೇ ಒಂದು ಸುಳಿವು. ಎರಡು ಜರ್ಮನಿಗಳು ಒಂದಾದದ್ದು 1990ರಲ್ಲಿ, ಹಾಗಾಗಿ ಈ ಅಚ್ಚು ಮಾಡಿದ್ದು ಅದಕ್ಕೂ ಮುಂಚೆ. ಇಷ್ಟು ಬಿಟ್ಟರೆ ಆ ಬೆನ್ನು ಮತ್ತೇನೂ ಹೇಳಲಿಲ್ಲ. ನಾಲ್ಕನ್ನೂ ತಿರುಗಿಸಿ ಇಟ್ಟರೆ ಮುಖ ಮಾತ್ರ ಒಂದೇ. ನಾನೇ ಎರಡು ತಿಂಗಳಿಂದ ದಿನಾ ನೋಡುತ್ತಿದ್ದೆ, ಒಂದು ದಿನವೂ ಅನುಮಾನ ಬಂದಿರಲಿಲ್ಲ.

ವರ್ನಿಯರ್ ತಂದೆ. ಇನ್ನು ಮುಂದಿನದು ಬೋಲ್ಟ್ ತೂತುಗಳ ಲೆಕ್ಕ. ಎಲ್ಲ ತೂತುಗಳ ನಡುಬಿಂದು ಮುಟ್ಟುವ ಹಾಗೆ ಒಂದು ಸುತ್ತು ಎಳೆದರೆ ಅದರ ಅಡ್ಡಳತೆಯೇ ಪಿಸಿಡಿ. ನಾಲ್ಕು ತೂತು ಇದ್ದರೆ ಅಳೆಯುವುದು ಸುಲಭ. ತೂತಿನ ನಡುಬಿಂದು ಹುಡುಕಲು ಹೋಗಬಾರದು. ಒಂದು ತೂತಿನ ಎಡ ಅಂಚಿನಿಂದ ಎದುರು ತೂತಿನ ಎಡ ಅಂಚಿಗೆ ಅಳೆದರೆ ಆಯಿತು. ಐದು ತೂತಿನ ಚಕ್ರಕ್ಕೆ ಎದುರುಬದುರು ತೂತೇ ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದು 1.701ರಿಂದ ಗುಣಿಸಬೇಕು. 76.4 ಮಿ.ಮೀ. ಬಂದರೆ 130, ಅಂದರೆ ಪೋರ್ಶೆ ಲೆಕ್ಕ. 65.8 ಬಂದರೆ 112, ಮರ್ಸಿಡಿಸ್ ಲೆಕ್ಕ.

ಹೆಸರಿದ್ದ ಮೂರರಲ್ಲೂ 98 ಬಂತು. ಫಿಯೆಟ್ಟಿನದು ಅದೇ. ನಾಲ್ಕನೆಯದರಲ್ಲಿ 100. ಮತ್ತೆ ಅಳೆದೆ. ಎದುರಿನ ಇನ್ನೊಂದು ಜೋಡಿ ತೂತು ಅಳೆದೆ. 100.

ಎರಡೇ ಮಿಲಿಮೀಟರ್ ಅಲ್ವಾ ಅನ್ನುವವರು ಇದ್ದಾರೆ. ಅವರಿಗೆ ನಾನು ಇವತ್ತು ಕಂಡದ್ದನ್ನು ತೋರಿಸಬೇಕು. ಆ ಚಕ್ರದ ತೂತುಗಳೊಳಗೆ ಟಾರ್ಚ್ ಬಿಟ್ಟು ನೋಡಿದೆ. ಬೋಲ್ಟಿನ ತಲೆ ಕೂರುವ ಓರೆಯಾದ ಜಾಗ ಸುತ್ತಲೂ ಒಂದೇ ಸಮ ಸವೆದಿರಬೇಕು. ಇಲ್ಲಿ ನಾಲ್ಕು ತೂತುಗಳಲ್ಲೂ ಚಕ್ರದ ನಡುವಿನ ಕಡೆಗೆ ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಹೊರಗಿನ ಕಡೆ ಹಳೇ ಬಣ್ಣ ಹಾಗೇ ಇತ್ತು. ಯಾರೋ ಇದನ್ನು 98ರ ಹಬ್‌ಗೆ, ಅಂದರೆ ಗಾಡಿಯಲ್ಲಿ ಚಕ್ರ ಕೂರುವ ಭಾಗಕ್ಕೆ, ಬಿಗಿದು ಓಡಿಸಿದ್ದಾರೆ. ಪ್ರತಿ ಬೋಲ್ಟೂ ಒಂದು ಮಿಲಿಮೀಟರ್ ಒಳಕ್ಕೆ ಜರುಗಿ, ಒಂದೇ ಮಗ್ಗುಲಿಗೆ ಒತ್ತಿಕೊಂಡು ಕೂತಿತ್ತು. ಬಿಗಿ ಆದ ಹಾಗೆ ಕೈಗೆ ಅನಿಸುತ್ತದೆ. ಆದರೆ ಬೋಲ್ಟಿನ ತಲೆ ಪೂರ್ತಿ ಕೂತಿರುವುದಿಲ್ಲ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಎರಡು ತೂತು ಆಗಲೇ ಮೊಟ್ಟೆಯಾಕಾರಕ್ಕೆ ಬಂದಿದ್ದವು. ನೋಡಿ ಕೈ ತಣ್ಣಗಾಯಿತು.

ನಡುವಿನ ದೊಡ್ಡ ತೂತೂ ಇದನ್ನೇ ಹೇಳಿತು. ಮೂರರಲ್ಲಿ 58 ಮಿ.ಮೀ. ಫಿಯೆಟ್ಟಿನ ಹಬ್ ಅದರಲ್ಲಿ ಸರಿಯಾಗಿ ಕೂರುತ್ತದೆ. ಬೋಲ್ಟ್ ಬಿಗಿಯುವ ಮುಂಚೆಯೇ ಚಕ್ರ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕನೆಯದರಲ್ಲಿ 64. ಹಲವು ಗಾಡಿಗಳಿಗೆ ಆಗಲಿ ಅಂತ ದೊಡ್ಡದಾಗಿ ಕೊರೆದು, ಒಳಗೆ ರಿಂಗ್ ಹಾಕಿ ಮಾರುತ್ತಿದ್ದ ಚಕ್ರ ಅದು. ರಿಂಗ್ ಕಳೆದುಹೋಗಿದೆ. 4 ಬೋಲ್ಟ್, 100ರ ಪಿಸಿಡಿ ಹಳೇ ಗಾಲ್ಫ್‌ಗೂ ಇತ್ತು, ಬಿಎಂಡಬ್ಲ್ಯೂ 2002ಕ್ಕೂ ಇತ್ತು. ಅಂಥ ಯಾವುದೋ ಗಾಡಿಯಿಂದ ಬಂದಿರಬೇಕು.

ಆಫ್‌ಸೆಟ್ಟನ್ನೂ ನೋಡಿದೆ. ಜರ್ಮನ್ ಚಕ್ರಗಳ ಮೇಲೆ ಇಟಿ ಅಂತ ಬರೆದಿರುತ್ತದಲ್ಲ, ಅದು. ಚಕ್ರದ ಅಗಲದ ನಟ್ಟನಡುವಿನಿಂದ ಹಬ್‌ಗೆ ತಾಗುವ ಜಾಗ ಎಷ್ಟು ದೂರ ಅಂತ. ಬೋರಲು ಮಲಗಿಸಿದ ಚಕ್ರದ ಮೇಲೆ ಅಡ್ಡಪಟ್ಟಿ ಇಟ್ಟು, ಅಲ್ಲಿಂದ ಹಬ್ ತಾಗುವ ಜಾಗದವರೆಗೆ ಆಳ ಅಳೆದೆ. ಅದರಲ್ಲಿ ಒಟ್ಟು ಅಗಲದ ಅರ್ಧ ಕಳೆದೆ. ಒಂದು ಎಚ್ಚರ: ಐದೂವರೆ ಇಂಚು ಅನ್ನುವುದು ಟೈರ್ ಕೂರುವ ಜಾಗದ ಅಗಲ. ಅಂಚಿನಿಂದ ಅಂಚಿಗೆ ಅಳೆದರೆ ಹೆಚ್ಚುಕಡಿಮೆ ಒಂದು ಇಂಚು ಜಾಸ್ತಿ ಬರುತ್ತದೆ. 13 ಇಂಚಿನ ಚಕ್ರವನ್ನು 14 ಅಂತ ತಪ್ಪು ತಿಳಿಯುವುದೂ ಹೀಗೇ. ಮೂರು ಚಕ್ರಗಳ ಲೆಕ್ಕ ಒಂದೇ ಬಂತು, ನಾಲ್ಕನೆಯದು 9 ಮಿಲಿಮೀಟರ್ ಬೇರೆ.

ಮಧ್ಯಾಹ್ನ ಇನ್ನೊಂದು ಕೆಲಸ ಇತ್ತು. ಕ್ರೊಮೊಡೋರಾ, ಕ್ಯಾಂಪಗ್ನೋಲೋ ಎರಡೂ ಮೆಗ್ನೀಸಿಯಂ ಚಕ್ರಗಳನ್ನೂ ಮಾಡಿದ್ದವು. ಮೆಗ್ನೀಸಿಯಂ ಅಲ್ಯೂಮಿನಿಯಂಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಹಗುರ. ಆದರೆ ನೀರು, ಉಪ್ಪು ತಾಗಿದರೆ ಬೇಗ ಕೊರೆದುಹೋಗುತ್ತದೆ, ಗ್ರೈಂಡರ್ ಹಚ್ಚಿದರೆ ಅದರ ಪುಡಿಗೆ ಬೆಂಕಿ ಹಿಡಿಯುತ್ತದೆ. ಆ ಬೆಂಕಿಗೆ ನೀರು ಹಾಕುವ ಹಾಗೂ ಇಲ್ಲ, ಇನ್ನೂ ಜೋರಾಗುತ್ತದೆ. ಗೊತ್ತಿಲ್ಲದೆ ಉಜ್ಜಲು ಶುರುಮಾಡಬಾರದು. ಬೆನ್ನಿನಲ್ಲಿ ಕಾಳಿನಷ್ಟು ಜಾಗದ ಬಣ್ಣ ಕೆರೆದು, ಬರಿ ಲೋಹದ ಮೇಲೆ ಒಂದು ಹನಿ ವಿನೆಗರ್ ಬಿಟ್ಟೆ. ಮೆಗ್ನೀಸಿಯಂ ಆದರೆ ಆ ಹನಿ ತಕ್ಷಣ ನೊರೆ ಬರುತ್ತದೆ. ಮಗಳೂ ನಾನೂ ಉಸಿರು ಬಿಗಿಹಿಡಿದು ನೋಡಿದೆವು. ಹನಿ ಸುಮ್ನೆ ಕೂತಿತ್ತು. ಅಲ್ಯೂಮಿನಿಯಂ. ನೀರಲ್ಲಿ ತೊಳೆದು ಒರೆಸಿದೆ.

ಹೆಸರು ಸಿಕ್ಕಿದ ಮಾತ್ರಕ್ಕೆ ಮೂರೂ ಓಡಿಸಲು ಯೋಗ್ಯ ಅಂತಲ್ಲ. ಕಣ್ಣಿಗೆ ಕಾಣದ ಸೀಳು ಇರಬಹುದು. ಮೊದಲು ಕೆಂಪು ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುವ ಪರೀಕ್ಷೆ ಮಾಡಿಸುತ್ತೇನೆ. ಸೀಳಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಅದಾಗುವವರೆಗೆ ಬಣ್ಣದ ಮಾತಿಲ್ಲ.

ಆದರೂ ಸಂಜೆ ಕೈ ತಡೆಯಲಿಲ್ಲ. ಗಾಡಿಯ ಮುಂದಿನ ಎಡಗಡೆ ಜ್ಯಾಕ್ ಕೊಟ್ಟು, ಸ್ಟೀಲ್ ಚಕ್ರ ಬಿಚ್ಚಿ, 78ರದನ್ನು ಎತ್ತಿ ಹಬ್‌ಗೆ ಹಿಡಿದೆ. ಸ್ವಲ್ಪ ತಿರುಗಿಸಿದೆ. ಟಕ್ ಅಂತ ಒಳಗೆ ಕೂತಿತು. ಬೋಲ್ಟುಗಳು ನಾಲ್ಕೂ ಬೆರಳಲ್ಲೇ ಕೊನೇವರೆಗೆ ತಿರುಗಿದವು. ಒಂದು ನಿಮಿಷ ಹಾಗೇ ಬಿಟ್ಟು ನೋಡಿ, ಮತ್ತೆ ಬಿಚ್ಚಿ ಸ್ಟೀಲ್ ಚಕ್ರವನ್ನೇ ಹಾಕಿದೆ.

ನಾಲ್ಕನೆಯದರ ಮೇಲೆ ಸುಣ್ಣದ ಕಡ್ಡಿಯಿಂದ ದಪ್ಪಗೆ '100, ತೂತು ಸವೆದಿದೆ, ಹಾಕಬೇಡಿ' ಅಂತ ಬರೆದು ಬೇರೆ ಇಟ್ಟಿದ್ದೇನೆ. ಅದನ್ನು ಯಾರಿಗೂ ಮಾರುವುದಿಲ್ಲ. ಮಗಳು ಸೀಸದ ಕಡ್ಡಿಯ ಮೂರು ಹಾಳೆಗಳನ್ನು ಶೆಡ್ಡಿನ ಗೋಡೆಗೆ ಸಾಲಾಗಿ ಅಂಟಿಸಿದಳು. ಪಕ್ಕದಲ್ಲಿ ಒಂದು ಖಾಲಿ ಹಾಳೆ. ಅದರ ಮೇಲೆ ನಾನು ಹೇಳುತ್ತಾ ಹೋದೆ, ಅವಳು ಬರೆದಳು: ಕ್ರೊಮೊಡೋರಾ, ಅದೇ ಸಿಡಿ ಸಂಖ್ಯೆ, 5½ಜೆ × 13, ಪಿಸಿಡಿ 98, ನಡುತೂತು 58, ಇಸವಿ 77 ಅಥವಾ 78. ಕೆಳಗೆ ಅವಳೇ ಸೇರಿಸಿದ್ದು: ಒಂದು ಬೇಕು.