ಫಾಲೋವರ್ಸ್ ಜಾಸ್ತಿ ಮಾಡ್ಕೊಳ್ಳೋದು ಹೇಗೆ ಅಂತ ಕೇಳುವವರಿಗೆ

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳುತ್ತಾರೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಮಲಗುವ ಹೊತ್ತಿಗೆ ಮೆಸೇಜ್ ಮಾಡಿ ಕೇಳುತ್ತಾರೆ. "ಅಕ್ಕಾ, ನಿಮ್ಮ ಬ್ಲಾಗಿಗೆ ಅಷ್ಟು ಜನ ಹೇಗೆ ಬಂದ್ರು? ಫಾಲೋವರ್ಸ್ ಜಾಸ್ತಿ ಮಾಡ್ಕೊಳ್ಳೋಕೆ ಏನಾದ್ರೂ ಟ್ರಿಕ್ ಇದ್ರೆ ಹೇಳಿ."

ನಾನು ಮಲೆನಾಡಿನ ಅಡುಗೆ, ತೋಟ, ಮಳೆಗಾಲದ ಬಗ್ಗೆ ಬರೆಯುತ್ತೇನೆ. ಬರೆದದ್ದನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್‌ನಲ್ಲಿ ಹಂಚಿಕೊಳ್ಳುತ್ತೇನೆ. ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಟ್ರಿಕ್ ಇಲ್ಲ. ಈ ಉತ್ತರ ಕೇಳಿದವರಿಗೆ ಹಿಡಿಸುವುದಿಲ್ಲ, ಗೊತ್ತು. "ಹೇಳೋಕೆ ಇಷ್ಟ ಇಲ್ಲ ಬಿಡಿ" ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ನಾನು ಹೇಳಬಹುದಾದದ್ದು ಒಂದೇ: ಇನ್ನೊಬ್ಬರ ಫೋನಿನೊಳಗೆ ಹೋದಾಗ ಹೇಗೆ ನಡೆದುಕೊಳ್ಳಬೇಕು ಅನ್ನೋದು.

ಹೋದ ಮಳೆಗಾಲದಲ್ಲಿ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ನಮ್ಮೂರು ಅಂದರೆ ಗುಡ್ಡದ ಆಚೆಗೊಂದು, ಈಚೆಗೊಂದು ಮನೆ. ಕರೆಂಟ್ ಬಂತಾ, ರಸ್ತೆಗೆ ಮರ ಬಿದ್ದಿದೆಯಾ, ಅಡಿಕೆಗೆ ಔಷಧಿ ಹೊಡೆಯೋಕೆ ಜನ ಸಿಗ್ತಾರಾ, ಎಲ್ಲವೂ ಆ ಗ್ರೂಪಿನಲ್ಲೇ. ಒಂದು ಬೆಳಿಗ್ಗೆ ಸಾವಿನ ಸುದ್ದಿ ಬಂತು. ಊರಿಗೆಲ್ಲ ಬೇಕಾದ ಹಿರಿಯರು. ಅವರ ಮಗ ಬರೆದಿದ್ದರು: ಮಧ್ಯಾಹ್ನದೊಳಗೆ ಎಲ್ಲ ಮುಗಿಸಬೇಕು, ಮಳೆಗೆ ಕೆಳಗಿನ ದಾರಿ ಕೊಚ್ಚಿ ಹೋಗಿದೆ, ಮೇಲಿನ ದಾರಿಯಲ್ಲಿ ಬನ್ನಿ. ಅದರ ಕೆಳಗೆ ಒಬ್ಬ ಹುಡುಗ "ಓಂ ಶಾಂತಿ" ಅಂತ ಬರೆದು, ಅದೇ ಮೆಸೇಜಿನಲ್ಲಿ ತನ್ನ ಬ್ಲಾಗಿನ ಲಿಂಕ್ ಹಾಕಿದ. "ಮಳೆಗಾಲದಲ್ಲಿ ನೋಡಲೇಬೇಕಾದ ಹತ್ತು ಜಲಪಾತಗಳು. ಓದಿ, ಲೈಕ್ ಮಾಡಿ, ಶೇರ್ ಮಾಡಿ."

ಲಿಂಕಿನ ಜೊತೆ ಜೋಗದ ದೊಡ್ಡ ಚಿತ್ರ ಬಂತು. ಸ್ಕ್ರೀನ್ ಪೂರ್ತಿ ಅದೇ. ದಾರಿಯ ಬಗ್ಗೆ ಬರೆದ ಮೆಸೇಜ್ ಮೇಲೆ ಸರಿದು ಮರೆಯಾಯಿತು. ದೂರದಿಂದ ಬಂದ ನೆಂಟರು ಕೆಳಗಿನ ದಾರಿಗೇ ಹೋಗಿ, ಕಾರು ತಿರುಗಿಸಲು ಜಾಗವಿಲ್ಲದೆ ಒದ್ದಾಡಿದರು.

ನಾನು ಅವನಿಗೆ ಫೋನ್ ಮಾಡಿ, ಮೊದಲು ಅದನ್ನು ತೆಗಿ ಅಂದೆ. "ಬೆಳಿಗ್ಗೆ ಎಲ್ಲರೂ ಗ್ರೂಪ್ ನೋಡ್ತಾ ಇರ್ತಾರಲ್ಲ ಅಕ್ಕಾ, ಅದಕ್ಕೇ ಹಾಕ್ದೆ" ಅಂದ. ಕೆಟ್ಟ ಹುಡುಗ ಅಲ್ಲ. ಆ ದಿನ ಮಳೆಯಲ್ಲಿ ಸೌದೆ ಹೊತ್ತವರಲ್ಲಿ ಅವನೂ ಒಬ್ಬ. ಎದುರಿಗೆ ಸಿಕ್ಕಿದ್ದರೆ ಆ ಮಗನ ಕೈ ಹಿಡಿದು ಎರಡು ಮಾತು ಆಡುತ್ತಿದ್ದ, ಜಲಪಾತದ ಸುದ್ದಿ ಖಂಡಿತ ಎತ್ತುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಎತ್ತಿದ. ಆಮೇಲೊಂದು ದಿನ ಸಿಕ್ಕಾಗ ಅವನು ಕೇಳಿದ್ದೂ ಇದೇ ಪ್ರಶ್ನೆ. ಫಾಲೋವರ್ಸ್ ಜಾಸ್ತಿ ಆಗೋದು ಹೇಗೆ ಅಕ್ಕಾ?

ಬೇರೆಯವರ ಪೇಜು, ಬೇರೆಯವರ ಗ್ರೂಪು ಅವರ ಮನೆ ಜಗಲಿ ಇದ್ದ ಹಾಗೆ. ಹೋಗಿ ಕೂರಬಹುದು. ಎಲೆಯಡಿಕೆ ಹಾಕಿಕೊಂಡು ಮಾತಾಡಬಹುದು. ಅಲ್ಲೇ ಅಂಗಡಿ ಹರಡಿದರೆ ಹೇಗೆ? ನನ್ನ ಪತ್ರೊಡೆ ಫೋಟೊದ ಕೆಳಗೆ "ಸೂಪರ್, ನಮ್ಮ ಪೇಜಿಗೂ ಬನ್ನಿ" ಅಂತ ಬರೆಯುವವರು ಪತ್ರೊಡೆಯನ್ನು ನೋಡಿರುವುದೇ ಇಲ್ಲ. ಕೆಸುವಿನ ಎಲೆಗೆ ಹುಳಿ ಎಷ್ಟು ಹಾಕಿದ್ರಿ, ಗಂಟಲು ತುರಿಸಲಿಲ್ವಾ ಅಂತ ಒಬ್ಬರು ಕೇಳಿದ್ದರು. ಅವರ ಪೇಜನ್ನು ನಾನೇ ಹುಡುಕಿಕೊಂಡು ಹೋದೆ, ಈಗಲೂ ಓದುತ್ತೇನೆ. ನನ್ನ ಬ್ಲಾಗಿಗೆ ಜನ ಬಂದದ್ದೂ ಹೀಗೇ. ಕೇಳಿದವರಿಗೆ ಉತ್ತರ ಕೊಟ್ಟೆ, ಅವರು ಇನ್ನೊಬ್ಬರಿಗೆ ಹೇಳಿದರು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಗುರುತಿಲ್ಲದವರನ್ನು ಸಾಲಾಗಿ ಟ್ಯಾಗ್ ಮಾಡಬೇಡಿ. ಕೇಳದೆ ಗ್ರೂಪಿಗೆ ಸೇರಿಸಬೇಡಿ. ನಮ್ಮನ್ನು ಯಾರು ಗ್ರೂಪಿಗೆ ಸೇರಿಸಬಹುದು ಅಂತ ನಾವೇ ತೀರ್ಮಾನಿಸುವ ಸೆಟ್ಟಿಂಗನ್ನು ವಾಟ್ಸಾಪ್ 2019ರಲ್ಲಿ ತಂದದ್ದು ಸುಮ್ನೆ ಅಲ್ಲ, ಜನ ಅಷ್ಟು ರೋಸಿಹೋಗಿದ್ದರು. ಇವತ್ತು ಫಾಲೋ ಮಾಡಿ, ನಾನು ವಾಪಸ್ ಫಾಲೋ ಮಾಡಿದ ಮೇಲೆ ಮೆಲ್ಲಗೆ ಬಿಟ್ಟು ಹೋಗುವುದು ನನಗೆ ಕಾಣುತ್ತದೆ. ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುವ ವಿಚಾರ ನನ್ನ ಹತ್ತಿರ ಎತ್ತಲೇಬೇಡಿ.

ಇನ್ನೊಬ್ಬರದ್ದನ್ನು ಎತ್ತಿ ಹಾಕುವ ವಿಷಯ ಮಾತ್ರ ಬೇಗ ಮುಗಿಯುವಂಥದ್ದಲ್ಲ. ಕಳಲೆ ಪಲ್ಯದ ಬಗ್ಗೆ ಬರೆದಿದ್ದೆ. ಕಳಲೆ ಅಂದರೆ ಮಳೆಗಾಲದಲ್ಲಿ ಏಳುವ ಎಳೆ ಬಿದಿರು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಅದಕ್ಕೇ ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ದಿನಾ ಆ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಚೆನ್ನಾಗಿ ಬೇಯಿಸುತ್ತೇವೆ. ನಮ್ಮ ಅಜ್ಜಿಯಂದಿರು ಸಯನೈಡ್ ಹೆಸರು ಕೇಳಿರಲಿಲ್ಲ, ಆದರೂ ನೀರು ಚೆಲ್ಲುವುದನ್ನು ಯಾವತ್ತೂ ತಪ್ಪಿಸಲಿಲ್ಲ. ನನ್ನ ಬರಹದಲ್ಲಿ ಅರ್ಧದಷ್ಟು ಇದೇ ಇತ್ತು.

ತುಂಬ ಜನ ನೋಡುವ ಒಂದು ಪೇಜಿನವರು ನನ್ನ ಫೋಟೊಗಳನ್ನು ಎತ್ತಿ ಅರ್ಧ ನಿಮಿಷದ ರೀಲ್ ಮಾಡಿದರು. ನನ್ನ ಹೆಸರು ಇರಲಿಲ್ಲ. ಹಾಗಿರಲಿ. ನೆನೆಸುವುದೂ ಇರಲಿಲ್ಲ! ಹೆಚ್ಚಿದ ಕಳಲೆ ಸೀದಾ ಒಗ್ಗರಣೆಗೆ ಬಿತ್ತು. ಕೆಳಗೆ ಒಬ್ಬ ಹೆಣ್ಣುಮಗಳು "ಮಾರ್ಕೆಟ್ಟಲ್ಲಿ ಸಿಕ್ತು, ಇವತ್ತೇ ಮಾಡ್ತೀನಿ" ಅಂತ ಬರೆದಿದ್ದಳು. ನನಗೆ ಕೈಕಾಲು ತಣ್ಣಗಾಯಿತು. ಅವಳಿಗೆ ಮೆಸೇಜ್ ಮಾಡಿ ಬೇಡ ಅಂದೆ. ಪೇಜಿನವರಿಗೂ ಬರೆದೆ. "ಕೃಪೆ ಗೂಗಲ್ ಅಂತ ಹಾಕಿದ್ದೇವಲ್ಲ ಮೇಡಂ" ಅನ್ನೋ ಉತ್ತರ ಬಂತು.

ಗೂಗಲ್ ನಮ್ಮನೆ ಅಡುಗೆಮನೆಗೆ ಬಂದು ಫೋಟೊ ತೆಗೆಯಲಿಲ್ಲ. ನಾನು ತೆಗೆದೆ. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ನಾನು ನನಗೋಸ್ಕರ ತೆಗೆದ ಫೋಟೊದ ಹಕ್ಕು ನನ್ನದೇ, ಅದೂ ಪ್ರಕಟವಾದ ಮೇಲೆ 60 ವರ್ಷ ಉಳಿಯುತ್ತದೆ. ಮೂಲೆಯಲ್ಲಿ ಕೃಪೆ ಅಂತ ಬರೆದರೆ ಒಪ್ಪಿಗೆ ಪಡೆದ ಹಾಗಾಗುವುದಿಲ್ಲ. ಕೇಳಿದವರಿಗೆ ನಾನು ಇಲ್ಲ ಅಂದದ್ದು ಕಡಿಮೆ. ಹೆಸರು ಹಾಕಿ, ಲಿಂಕ್ ಕೊಡಿ, ನೆನೆಸುವ ಸಾಲನ್ನು ಬಿಡಬೇಡಿ. ಅಷ್ಟೇ ಕೇಳೋದು.

ಹೋಮ್‌ಸ್ಟೇ ವಿಷಯವೂ ಇದೆ. "ಎರಡು ದಿನ ಬಂದು ಇರಿ, ದುಡ್ಡು ಬೇಡ, ಚೆನ್ನಾಗಿ ಬರೀರಿ" ಅಂತ ಕರೆಯುತ್ತಾರೆ. ಹೋಗುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಜಾಹೀರಾತು ಮಾನದಂಡಗಳನ್ನು ನೋಡಿಕೊಳ್ಳುವ ಎಎಸ್‌ಸಿಐ ಸಂಸ್ಥೆ 2021ರಲ್ಲಿ ಇದಕ್ಕೆ ನಿಯಮ ಮಾಡಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತನ್ನ ಮಾರ್ಗಸೂಚಿ ಕೊಟ್ಟಿತು. ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತ ತಿಳಿಯಬೇಡಿ. ಪುಕ್ಕಟೆ ಕೋಣೆ, ಉಡುಗೊರೆ, ಪ್ರವಾಸ ಎಲ್ಲವೂ ಬರುತ್ತದೆ. ಕನ್ನಡದಲ್ಲಿ ಬರೆಯುವವರು ಕನ್ನಡದಲ್ಲೇ "ಜಾಹೀರಾತು" ಅಂತ ಎದ್ದು ಕಾಣುವ ಹಾಗೆ ಹಾಕಿ. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಬಚ್ಚಿಡಬೇಡಿ. ದುಡ್ಡು ಖರ್ಚು ಮಾಡಿ ಮಕ್ಕಳು ಮರಿ ಕಟ್ಟಿಕೊಂಡು ಅಲ್ಲಿಗೆ ಹೋಗುವವರು ನಿಮ್ಮ ಮಾತು ನಂಬಿ ಹೋಗುತ್ತಾರೆ, ಅಲ್ವಾ?

ನಿಜ ಹೇಳಬೇಕೆಂದರೆ, ಜನ ನನ್ನನ್ನು ಬೇರೆಯದೇ ಪ್ರಶ್ನೆ ಕೇಳಲಿ ಅಂತ ಆಸೆ. ನೀವು ಏನನ್ನು ಹಾಕೋದಿಲ್ಲ ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಒಲೆ ಆರಿಸಿ, ಕೂತು ಹೇಳುತ್ತಿದ್ದೆ.

ಹೊಸನಗರದ ಕಡೆ ಒಂದು ಸಣ್ಣ ಜಲಪಾತ ಇದೆ. ಹೆಸರು ಬರೆಯುವುದಿಲ್ಲ. ಮಳೆಗಾಲದಲ್ಲಿ ಮಾತ್ರ ನೀರು. ಅಲ್ಲಿಗೆ ಹೋಗಲು ಒಬ್ಬರ ಅಡಿಕೆ ತೋಟ ದಾಟಬೇಕು. ಯಾರೋ ರೀಲ್ ಮಾಡಿ ಲೊಕೇಶನ್ ಹಾಕಿದರು. ಮುಂದಿನ ಭಾನುವಾರದಿಂದ ಕಾರುಗಳ ಸಾಲು. ಉಣುಗೋಲು ತೆಗೆದವರು ತಿರುಗಿ ಹಾಕಲಿಲ್ಲ, ದನ ತೋಟಕ್ಕೆ ನುಗ್ಗಿದವು. ಬಸಿಗಾಲುವೆಯಲ್ಲಿ ಬಾಟಲಿ ಒಡೆದು ಹಾಕಿದ್ದರು. ಆ ಕಾಲುವೆಗೆ ಬರಿಗಾಲಲ್ಲಿ ಇಳಿದು ಕೆಸರು ತೆಗೆಯುವವರು ಇದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಸೇರಿದ್ದ ವಿಡಿಯೊ ನೀವೂ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಪರ್ವತಕ್ಕಾದರೆ ಇಲಾಖೆ ಇದೆ. ಈ ತೋಟದವರಿಗೆ ಯಾರಿದ್ದಾರೆ? ಹಾಗಾಗಿ ನಾನು ಇಂಥ ಜಾಗದ ಹೆಸರು ಹಾಕುವುದಿಲ್ಲ. ಆಗುಂಬೆ ಕಡೆ ಕಾಳಿಂಗ ಸರ್ಪ ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಆ ಗೂಡಿನ ಜಾಗವನ್ನಂತೂ ಯಾರಿಗೂ ಹೇಳುವುದಿಲ್ಲ.

ಸಾವಿನ ವಿಡಿಯೊ ಹಾಕುವುದಿಲ್ಲ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಒಬ್ಬ ಯುವಕ ಕಾಲು ಜಾರಿ ಬಿದ್ದ. ಬೀಳುವ ವಿಡಿಯೊ ಎಲ್ಲರ ಫೋನಿಗೂ ಬಂತು. ಎಚ್ಚರಿಕೆ ಕೊಡಲು ಹಾಕಿದೆವು ಅಂದರು. ಆ ಮನೆಯವರ ಫೋನಿಗೂ ಬರುತ್ತದೆ ಅಂತ ಹೊಳೆಯಲಿಲ್ವಾ? ಎಚ್ಚರಿಕೆ ಕೊಡಲು ಪಾಚಿ ಹಿಡಿದ ಬಂಡೆಯ ಫೋಟೊ ಸಾಕು.

ಮನುಷ್ಯರ ಮುಖವನ್ನು ಕೇಳದೆ ಹಾಕುವುದಿಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವ ಹೆಂಗಸರ ಫೋಟೊಗೆ ಲೈಕ್ ಸುರಿಯುತ್ತದೆ, ನನಗೂ ಗೊತ್ತು. ತೆಗೆಯುವ ಮೊದಲು ಒಂದು ಸಲ ಕೇಳುತ್ತೇನೆ, ಹಾಕುವ ಮೊದಲು ಇನ್ನೊಂದು ಸಲ ಕೇಳುತ್ತೇನೆ. ಒಬ್ಬರು "ತೆಗೀರಿ ಅಕ್ಕಾ, ಫೇಸ್‌ಬುಕ್ಕಿಗೆ ಮಾತ್ರ ಬೇಡ. ಮಗಳನ್ನ ನೋಡೋಕೆ ಬರೋರಿದಾರೆ" ಅಂದರು. ಪ್ರಿಂಟ್ ಹಾಕಿಸಿ ಅವರಿಗೇ ಕೊಟ್ಟೆ. ಪಕ್ಕದಲ್ಲಿದ್ದವರು "ನಂದು ಹಾಕಿ. ನಾನು ಎಷ್ಟು ಬೇಗ ಸುಲೀತೀನಿ ಅಂತಾನೂ ಬರೀರಿ" ಅಂದರು. ಹಾಕಿದೆ. ಬಂದ ಕಾಮೆಂಟುಗಳನ್ನೆಲ್ಲ ಅವರಿಗೆ ಓದಿ ಹೇಳಿದೆ. ಯಾರೋ "ಪಾಪ" ಅಂತ ಬರೆದಿದ್ದರು.

"ಪಾಪ ಯಾಕಂತೆ? ನಾ ಹೇಳ್ತೀನಿ, ಬರ್ಕೊಳ್ಳಿ" ಅಂದರು ಅವರು. "ಒಂದಿನ ಬಂದು ನನ್ನ ಪಕ್ಕ ಕೂತು ಸುಲೀಲಿ. ಯಾರು ಪಾಪ ಅಂತ ಸಂಜೆ ನೋಡೋಣ." ಒಂದಕ್ಷರ ಬದಲಾಯಿಸದೆ ಹಾಕಿದೆ.