ಸಿಎನ್‌ಸಿ ಲಾಗ್: ಅದೇ ಮೋಟಾರ್, ಹೊಸ ಡ್ರೈವರ್, 36 ವೋಲ್ಟ್

ನನ್ನ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ರೌಟರಿನ ಎಕ್ಸ್ ಮತ್ತು ವೈ ಆಕ್ಸಿಸ್ ಎರಡೂ ಈಗ ನಿಮಿಷಕ್ಕೆ 4000 ಮಿ.ಮೀ. ವೇಗದಲ್ಲಿ ಓಡುತ್ತಿವೆ. ಒಂದು ಸ್ಟೆಪ್ಪೂ (ಮೋಟಾರ್ ತಿರುಗುವ ಒಂದು ಸಣ್ಣ ಹೆಜ್ಜೆ) ತಪ್ಪುತ್ತಿಲ್ಲ. ಮೊದಲು 1800 ದಾಟಿದ ಕೂಡಲೇ ಮೋಟಾರ್ ಕಿರುಚಿ ನಿಂತುಬಿಡುತ್ತಿತ್ತು. ಮೋಟಾರ್ ಅದೇ, ಸ್ಕ್ರೂ ಅದೇ. ಬದಲಾಗಿದ್ದು ಡ್ರೈವರ್ (ಮೋಟಾರಿಗೆ ಕರೆಂಟ್ ಕೊಟ್ಟು ಓಡಿಸುವ ಡಬ್ಬಿ) ಮತ್ತು ಪವರ್ ಸಪ್ಲೈ ಮಾತ್ರ, ಅದಕ್ಕೇ ಈ ಸಲ ಪೂರ್ತಿ ಅದರ ಬಗ್ಗೆಯೇ ಬರೆಯುತ್ತೇನೆ.

ಹೊಸದಾಗಿ ಓದುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ತೇಗದ ಹಲಗೆ ಕೆತ್ತೋದಕ್ಕೆ, ಆಗಾಗ ಸಣ್ಣ ಅಲ್ಯೂಮಿನಿಯಂ ತುಂಡು ಕತ್ತರಿಸೋದಕ್ಕೆ ಮಾಡಿಕೊಂಡ ರೌಟರ್ ಇದು. 1605 ಬಾಲ್ ಸ್ಕ್ರೂ, ಅಂದರೆ 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ನಡಿಗೆ. ನೆಮಾ 23 ಅಳತೆಯ ಸ್ಟೆಪ್ಪರ್ ಮೋಟಾರ್: 1.26 ನ್ಯೂಟನ್ ಮೀಟರ್, 2.8 ಆಂಪ್, ಇಂಡಕ್ಟೆನ್ಸ್ (ಕರೆಂಟ್ ಬದಲಾಗೋದನ್ನು ತಡೆಯುವ ಕಾಯಿಲಿನ ಗುಣ) 2.5 ಮಿಲಿಹೆನ್ರಿ. ಆರ್ಡುಯಿನೊ ಯುನೊ ಎಂಬ ಚಿಕ್ಕ ಕಂಟ್ರೋಲರ್ ಬೋರ್ಡ್ ಮೇಲೆ ಗರ್ಬಲ್ (grbl) ಎಂಬ ಸಿಎನ್‌ಸಿ ಸಾಫ್ಟ್‌ವೇರ್ ಓಡುತ್ತದೆ.

ಸ್ಕ್ರೂ ತುದಿ ತಿರುವಿಸಲು ಹುಬ್ಬಳ್ಳಿಯ ಗೋಕುಲ ರೋಡಿನ ಲೇತ್ ಅಂಗಡಿಗೆ ಹೋದಾಗ ಅಲ್ಲಿನ ಅಣ್ಣ "ದೊಡ್ಡ ಮೋಟಾರ್ ಹಾಕಿಬಿಡ್ರಿ ಸರ, ಚಿಂತೀನ ಇರೂದಿಲ್ಲ" ಅಂದರು. ಬಹಳ ಜನ ಇದನ್ನೇ ಹೇಳುತ್ತಾರೆ. ಆದರೆ ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 5 ಮಿ.ಮೀ. ಪಿಚ್ ಸ್ಕ್ರೂಗೆ 1 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ ತಳ್ಳುವ ಬಲ 1100 ನ್ಯೂಟನ್ ದಾಟುತ್ತದೆ, ಅಂದರೆ ಸುಮಾರು 110 ಕೆ.ಜಿ. ಎತ್ತುವಷ್ಟು. ತೇಗ ಕೆತ್ತೋದಕ್ಕೆ ಇಷ್ಟು ಯಾಕೆ ಬೇಕು? ಇನ್ನೊಂದು ವಿಷಯ ನನಗೇ ಆಶ್ಚರ್ಯ ತಂದಿತು. ನನ್ನ ಗ್ಯಾಂಟ್ರಿ (ಕಟರ್ ಹೊತ್ತು ಓಡಾಡುವ ಚೌಕಟ್ಟು) ಸುಮಾರು 12 ಕೆ.ಜಿ., ಆದರೆ ವೇಗ ಹೆಚ್ಚಿಸುವಾಗ ಮೋಟಾರ್‌ಗೆ ಅದು ಭಾರವೇ ಅಲ್ಲ. 800 ಮಿ.ಮೀ. ಉದ್ದದ ಸ್ಕ್ರೂ ತಿರುಗಿಸಲು ಬೇಕಾದ ಶ್ರಮ ಗ್ಯಾಂಟ್ರಿಯ ಸುಮಾರು 5 ಪಟ್ಟು. ಮೋಟಾರಿನ ಸ್ವಂತ ರೋಟರ್ (ಒಳಗೆ ತಿರುಗುವ ಭಾಗ) ಕೂಡ ಗ್ಯಾಂಟ್ರಿಗಿಂತ ಜಾಸ್ತಿ. ದೊಡ್ಡ ಮೋಟಾರ್ ಹಾಕಿದರೆ ರೋಟರ್ ಇನ್ನೂ ಭಾರ, ಸಾಮಾನ್ಯವಾಗಿ ಇಂಡಕ್ಟೆನ್ಸ್ ಕೂಡ ಜಾಸ್ತಿ.

ನಿಜವಾದ ತೊಂದರೆ ಇದ್ದದ್ದು ಈ ಇಂಡಕ್ಟೆನ್ಸ್‌ನಲ್ಲೇ. ಕಾಯಿಲ್ ಒಳಗೆ ಕರೆಂಟ್ ಏರೋದಕ್ಕೆ ಸಮಯ ಬೇಕು. ನನ್ನ ಮೋಟಾರಿನಲ್ಲಿ 24 ವೋಲ್ಟ್ ಕೊಟ್ಟರೆ 2.8 ಆಂಪ್ ಮುಟ್ಟಲು ಸುಮಾರು 0.29 ಮಿಲಿಸೆಕೆಂಡ್, 36 ಕೊಟ್ಟರೆ 0.19. ಮೋಟಾರ್ 1000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಪೂರ್ತಿ ಸ್ಟೆಪ್‌ಗೆ ಸಿಗೋದೇ 0.3 ಮಿಲಿಸೆಕೆಂಡ್. ಅಂದರೆ 24 ವೋಲ್ಟ್‌ನಲ್ಲಿ ಕರೆಂಟ್ ಏರುವಷ್ಟರಲ್ಲಿ ಸ್ಟೆಪ್ಪೇ ಮುಗಿದಿರುತ್ತದೆ, ಜೊತೆಗೆ ತಿರುಗುವ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜ್ ಎದುರಿಗೆ ನಿಲ್ಲುತ್ತದೆ. ಡಬ್ಬಿಯ ಮೇಲಿನ ಹೋಲ್ಡಿಂಗ್ ಟಾರ್ಕ್ ಸಂಖ್ಯೆ ನಿಂತ ಮೋಟಾರಿನದು. ಓಡುವ ಮೋಟಾರಿಗೆ ವೋಲ್ಟೇಜೇ ಮುಖ್ಯ.

ಹಾಗಾದರೆ 48 ಯಾಕಲ್ಲ? ಡ್ರೈವರ್ ತಯಾರಿಸುವ ಗೆಕ್ಕೊಡ್ರೈವ್ ಕಂಪನಿಯ ಮಾರಿಸ್ ಫ್ರೈಮಾನಿಸ್ ಹೇಳಿದ ಒಂದು ಲೆಕ್ಕ ಎಲ್ಲರೂ ಬಳಸುತ್ತಾರೆ: ಮಿಲಿಹೆನ್ರಿಯ ವರ್ಗಮೂಲವನ್ನು 32ರಿಂದ ಗುಣಿಸಿ, ಅದೇ ಗರಿಷ್ಠ ವೋಲ್ಟೇಜ್. ನನಗೆ ಬಂದದ್ದು 50.6. ಹಾಗಾಗಿ ಮೋಟಾರ್ 48 ತಡೆಯುತ್ತದೆ. ಆದರೆ ನಾನು ಹೊಸದಾಗಿ ಹಾಕಿದ ಡಿಎಂ542 ಡ್ರೈವರಿನ ಮಿತಿಯೇ 50. ಜೋರಾಗಿ ಓಡುವ ಆಕ್ಸಿಸ್ ತಟ್ಟನೆ ನಿಂತಾಗ ಮೋಟಾರ್ ಜನರೇಟರ್ ಆಗಿ ಸಪ್ಲೈಗೆ ವಾಪಸ್ ತಳ್ಳುತ್ತದೆ, ವೋಲ್ಟೇಜ್ ಮೇಲೇರುತ್ತದೆ. 48ರಲ್ಲಿ ಅದಕ್ಕೆ ಜಾಗವೇ ಇಲ್ಲ. 36 ಸಾಕು ಅಂತ ತೀರ್ಮಾನಿಸಿದೆ.

ಟಿಬಿ6600 ಎಂಬ ಇನ್ನೊಂದು ಡ್ರೈವರ್ ಬಗ್ಗೆ ಒಂದೇ ಮಾತು. ಆ ಹೆಸರಿನ ಎಷ್ಟೋ ಡಬ್ಬಿಗಳ ಒಳಗೆ ಬೇರೆ ಚಿಪ್ ಇರುತ್ತದೆ, ಹಾಗಾಗಿ ಹೆಸರು ನೋಡಿ ಮಿತಿ ಊಹಿಸಬೇಡಿ. ಚಿಕ್ಕ ಮೆಷಿನ್‌ಗೆ, ಕಡಿಮೆ ವೇಗಕ್ಕೆ ಸುಮ್ನೆ ಕೆಲಸ ಮಾಡುತ್ತದೆ.

ಡಿಎಂ542ರಲ್ಲಿ ಕರೆಂಟ್ ಸ್ವಿಚ್‌ಗಳನ್ನು ಪೀಕ್ (ಗರಿಷ್ಠ) 3.31 ಆಂಪ್‌ಗೆ ಇಟ್ಟಿದ್ದೇನೆ, ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ 2.36. 3.76ರಲ್ಲಿ ಟಾರ್ಕ್ ಸ್ವಲ್ಪ ಜಾಸ್ತಿ ಸಿಕ್ಕಿತು, ಆದರೆ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಅದು ಬೇಡ ಅನಿಸಿತು. ನಿಂತಾಗ ಅರ್ಧ ಕರೆಂಟ್ ಆಗುವ ನಾಲ್ಕನೇ ಸ್ವಿಚ್ ಹಾಗೇ ಇದೆ. ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಇನ್ನೂ ಸಣ್ಣದಾಗಿ ಒಡೆಯೋದು) 1/8, ಅಂದರೆ ಒಂದು ಮಿ.ಮೀ.ಗೆ 320 ಸ್ಟೆಪ್. 1/16 ಇಟ್ಟರೆ ಇನ್ನೂ ನಯವಾಗಿ ತಿರುಗುತ್ತದೆ ನಿಜ, ಆದರೆ ಯುನೊ ಮೇಲೆ ಗರ್ಬಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ (ಒಂದು ಮೈಕ್ರೋಸ್ಟೆಪ್ಪಿಗೆ ಒಂದು) ಮಾತ್ರ ಕೊಡುತ್ತದೆ. 1/8ರಲ್ಲಿ ಅದು ನಿಮಿಷಕ್ಕೆ 5600 ಮಿ.ಮೀ. ಆಗುತ್ತದೆ, 1/16ರಲ್ಲಿ ಬರೀ 2800. ಡ್ರೈವರ್ ಎಷ್ಟು ಒಳ್ಳೆಯದಿದ್ದರೂ ಪಲ್ಸ್ ಬರದಿದ್ದರೆ ಏನು ಮಾಡುತ್ತದೆ ಹೇಳಿ!

ಟ್ಯೂನಿಂಗ್ ಮಾಡಿದ್ದು ಹೀಗೆ. ಬೆಡ್ ಮೇಲೆ ಮ್ಯಾಗ್ನೆಟಿಕ್ ಬೇಸ್, ಅದಕ್ಕೆ 0.01 ಮಿ.ಮೀ. ಡಯಲ್ ಗೇಜ್. ಆಕ್ಸಿಸ್ ಮುಟ್ಟಿಸಿ ಮುಳ್ಳನ್ನು ಸೊನ್ನೆಗೆ ತಂದು, ಉದ್ದ ಗಿಡ್ಡ ಓಟಗಳ ಜಿ-ಕೋಡ್ (ಮೆಷಿನ್‌ಗೆ ಕೊಡುವ ಆದೇಶಗಳು) ಓಡಿಸಿ, ಮತ್ತೆ ಅದೇ ಜಾಗಕ್ಕೆ ಕರೆಸಿ ಮುಳ್ಳು ನೋಡೋದು. ಮೊದಲು ಆಕ್ಸೆಲರೇಷನ್ ಕಡಿಮೆ ಇಟ್ಟು ಗರ್ಬಲ್‌ನ ಗರಿಷ್ಠ ವೇಗದ ಸೆಟ್ಟಿಂಗ್ $110 ಏರಿಸುತ್ತಾ ಹೋದೆ. 5200ಕ್ಕೆ ನಿಂತಿತು, 4000ಕ್ಕೆ ಇಳಿಸಿದೆ. ಆಮೇಲೆ ಆಕ್ಸೆಲರೇಷನ್ ಸೆಟ್ಟಿಂಗ್ $120. ಅದನ್ನೂ ನಿಲ್ಲುವ ತನಕ ಏರಿಸಿ, ಅದರ ಅರ್ಧದಷ್ಟು, 400ಕ್ಕೆ ಇಟ್ಟೆ. ಮರದ ಪುಡಿ ಕೂತಾಗ, ಗ್ರೀಸ್ ಗಟ್ಟಿಯಾದಾಗ ಈ ಅಂತರ ಬೇಕಾಗುತ್ತದೆ.

ವೈ ಆಕ್ಸಿಸ್‌ನಲ್ಲಿ ಮಾತ್ರ ಮುಳ್ಳು ಸೊನ್ನೆಗೆ ಬರಲಿಲ್ಲ, 0.03 ತೋರಿಸಿತು. ಇಲ್ಲಿ ಒಂದು ಉಪಯೋಗದ ಮಾತು ಹೇಳುತ್ತೇನೆ. 1.8 ಡಿಗ್ರಿ ಸ್ಟೆಪ್ಪರ್ ಜಾರಿದರೆ ನಾಲ್ಕು ಪೂರ್ತಿ ಸ್ಟೆಪ್‌ಗಳ ಗಂಟಾಗಿಯೇ ಜಾರುತ್ತದೆ, ಅಂದರೆ ಸುತ್ತಿನ 50ರಲ್ಲಿ ಒಂದು ಭಾಗ. 5 ಮಿ.ಮೀ. ಪಿಚ್‌ನಲ್ಲಿ ಅದು ಸರಿಯಾಗಿ 0.1 ಮಿ.ಮೀ. ಹಾಗಾಗಿ ತಪ್ಪು 0.1, 0.2, 0.3 ಹೀಗೆ ಬಂದರೆ ಮೋಟಾರ್ ಜಾರಿದೆ. 0.03 ಬಂದರೆ ಅಲ್ಲ, ಬೇರೆ ಕಡೆ ಹುಡುಕಿ. ಕಪ್ಲಿಂಗ್ (ಮೋಟಾರನ್ನು ಸ್ಕ್ರೂಗೆ ಜೋಡಿಸುವ ಭಾಗ) ಮತ್ತು ಶಾಫ್ಟ್ ಎರಡಕ್ಕೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೆದಿದ್ದೆ, ಗೆರೆ ಮುರಿದಿರಲಿಲ್ಲ. ಅಂದರೆ ಕಪ್ಲಿಂಗೂ ಅಲ್ಲ. ಕೊನೆಗೆ ಸಿಕ್ಕಿದ್ದು ಸ್ಕ್ರೂ ತುದಿ ಹಿಡಿಯುವ ಬಿಕೆ12 ಬೇರಿಂಗ್ ಬ್ಲಾಕಿನ ಲಾಕ್ ನಟ್. ಸ್ಕ್ರೂವನ್ನು ಬೆರಳಲ್ಲಿ ಹಿಂದೆ ಮುಂದೆ ತಳ್ಳಿದರೆ ಗೇಜಿನ ಮುಳ್ಳು ಮೂರು ಗೆರೆ ಅಲ್ಲಾಡುತ್ತಿತ್ತು. ಬಿಗಿ ಮಾಡಿ ಅದರ ಚಿಕ್ಕ ಸ್ಕ್ರೂ ಕೂರಿಸಿದ ಮೇಲೆ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತಿದೆ.

ಇನ್ನು ಉಳಿದಿರೋದು ಜೆಡ್, ಅಂದರೆ ಮೇಲೆ ಕೆಳಗೆ ಓಡುವ ಆಕ್ಸಿಸ್. ಬಾಲ್ ಸ್ಕ್ರೂನಲ್ಲಿ ಘರ್ಷಣೆ ಬಹಳ ಕಡಿಮೆ, ಮೋಟಾರಿಗೆ ಕರೆಂಟ್ ನಿಂತ ಕೂಡಲೇ ಸ್ಪಿಂಡಲ್ (ಕಟರ್ ತಿರುಗಿಸುವ ಮೋಟಾರ್) ತನ್ನ ಭಾರಕ್ಕೆ ತಾನೇ ಕೆಳಗೆ ಜಾರುತ್ತದೆ. ಸದ್ಯಕ್ಕೆ ಗರ್ಬಲ್‌ನಲ್ಲಿ $1=255 ಹಾಕಿ ಮೋಟಾರ್ ಯಾವಾಗಲೂ ಹಿಡಿದೇ ಇರುವಂತೆ ಮಾಡಿದ್ದೇನೆ. ಕರೆಂಟೇ ಹೋದರೆ ಅದೂ ಸಾಲದು. ಪವರ್ ಆಫ್ ಬ್ರೇಕ್ (ಕರೆಂಟ್ ಹೋದಾಗ ತಾನೇ ಹಿಡಿಯುವ ಬ್ರೇಕ್) ಇರುವ ಮೋಟಾರ್ ಹಾಕಬೇಕೋ, ಗ್ಯಾಸ್ ಸ್ಪ್ರಿಂಗ್ ಕೊಟ್ಟು ಭಾರ ಹೊರಿಸಬೇಕೋ ಅಂತ ಯೋಚಿಸುತ್ತಿದ್ದೇನೆ. ಮಾಡಿ ನೋಡಿದವರಿದ್ದರೆ ಸ್ಪಿಂಡಲ್ ತೂಕ ಎಷ್ಟು, ಸ್ಪ್ರಿಂಗ್ ಎಷ್ಟು ನ್ಯೂಟನ್ನಿನದು ಅಂತ ತಿಳಿಸಿ.